ಪತ್ರಿಕೆಯ ಮೇಜಿನಿಂದ ರಾಜ್ಯಸಭೆಗೆ

ಪಿಯುಸಿ ಫಲಿತಾಂಶ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಗಣಿತ ಚೆನ್ನಾಗಿದ್ದರೆ ಇಂಜಿನಿಯರಿಂಗ್, ಜೀವಶಾಸ್ತ್ರ ಚೆನ್ನಾಗಿದ್ದರೆ ಡಾಕ್ಟರು, ಎರಡೂ ಇಲ್ಲವಾದರೆ ಬಿ.ಎ. ಮುಗಿಸಿ ಬಿ.ಎಡ್. ಈ ಲೆಕ್ಕದ ಹೊರಗೆ ನಿಂತು ಹುಡುಗನೊಬ್ಬ ‘ನಾನು ಜರ್ನಲಿಸಂ ತಗೋತೀನಿ’ ಅಂದರೆ ಮನೆಯಲ್ಲಿ ಮೌನ. ಆಮೇಲೆ ಅಪ್ಪನ ಪ್ರಶ್ನೆ: ‘ಪೇಪರಿನ್ಯಾಗ ಬರದು ಹೊಟ್ಟಿ ತುಂಬ್ತದೇನಪ್ಪಾ?’ ಹುಡುಗನ ಬಳಿ ಉತ್ತರ ಸಿದ್ಧವಿರುತ್ತದೆ. ಇಂಥವರು ಪತ್ರಕರ್ತರಾಗಿದ್ದವರೇ ಎಂ.ಪಿ. ಆದರು, ಮಂತ್ರಿಯಾದರು, ನಾನೇಕೆ ಆಗಬಾರದು ಎಂಬ ಉತ್ತರ ಅದು.

ಅಪ್ಪನ ಪ್ರಶ್ನೆಯೂ ನ್ಯಾಯವಾದದ್ದೇ, ಮಗನ ಉತ್ತರವೂ ಸುಳ್ಳಲ್ಲ. ಆದರೆ ಇಬ್ಬರೂ ನೋಡುತ್ತಿರುವುದು ದಾರಿಯ ಕೊನೆಯನ್ನು ಮಾತ್ರ. ನಡುವಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಆ ಮನುಷ್ಯ ಏನು ಓದಿದ, ಮೊದಲ ಕೆಲಸ ಯಾವುದು ಹಿಡಿದ, ಯಾವ ವಯಸ್ಸಿಗೆ ಎಲ್ಲಿದ್ದ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಈ ವಾರ ಅದನ್ನೇ ವಿಚಾರಿಸೋಣ. ಕನ್ನಡದ ಓದುಗರು ‘ಪಾಪು’ ಎಂದೇ ಕರೆದ ಪಾಟೀಲ ಪುಟ್ಟಪ್ಪನವರ ಓದಿನ ದಿನಗಳನ್ನೂ ಪತ್ರಿಕೆಯ ಮೊದಲ ವರ್ಷಗಳನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಅವರು ರಾಯಚೂರು ಜಿಲ್ಲೆಯವರಲ್ಲ. ಆದರೂ ಅವರ ಪತ್ರಿಕೆಗಳಿಗೂ ನಮ್ಮ ಈ ಮೂರು ಊರುಗಳಿಗೂ ಒಂದು ನಂಟಿದೆ. ಅದು ಮುಂದೆ ಬರುತ್ತದೆ.

ಪುಟ್ಟಪ್ಪನವರು ಹುಟ್ಟಿದ್ದು 1921ರ ಜನವರಿ 14ರಂದು, ಈಗಿನ ಹಾವೇರಿ ಜಿಲ್ಲೆಯ ಕುರಬಗೊಂಡ ಎಂಬ ಹಳ್ಳಿಯಲ್ಲಿ. ಆಗ ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹಲಗೇರಿ, ಬ್ಯಾಡಗಿ, ಹಾವೇರಿ ಹೀಗೆ ಊರಿಂದೂರಿಗೆ ಹೋಗುತ್ತ ಶಾಲೆ ಕಲಿತರು. ಇದನ್ನು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದು. ಆದರೆ ಆ ಕಾಲದಲ್ಲಿ ಹಳ್ಳಿಯ ಹುಡುಗನೊಬ್ಬ ಪ್ರಾಥಮಿಕ ಶಾಲೆ ದಾಟಿ ಹೈಸ್ಕೂಲಿಗೆ ಹೋಗಬೇಕೆಂದರೆ ಮನೆ ಬಿಡಬೇಕಿತ್ತು, ಬೇರೊಬ್ಬರ ಊರಿನಲ್ಲಿ ಇರಬೇಕಿತ್ತು. ಇಂದಿಗೂ ಮಸ್ಕಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಸಿಂಧನೂರಿನ ಕಾಲೇಜಿಗೆ ಬರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಓದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. 1917ರಲ್ಲಿ ಆರಂಭವಾಗಿದ್ದ ಈ ಕಾಲೇಜು ಉತ್ತರ ಕರ್ನಾಟಕದ ಹುಡುಗರಿಗೆ ಪುಣೆ, ಮುಂಬಯಿಗಳ ಖರ್ಚನ್ನು ತಪ್ಪಿಸಿದ ಸಂಸ್ಥೆ. ಅಲ್ಲಿ ಪದವಿ ಮುಗಿಸಿ ಬೆಳಗಾವಿಗೆ ಹೋಗಿ ಕಾನೂನು ಓದಿದರು. ಇಲ್ಲಿ ಗಮನಿಸಿ: ಪತ್ರಕರ್ತರಾಗಿ ಹೆಸರು ಮಾಡಿದ ಈ ಮನುಷ್ಯ ಮೊದಲು ಪಡೆದ ವೃತ್ತಿಯ ಪದವಿ ಪತ್ರಿಕೋದ್ಯಮದ್ದಲ್ಲ, ವಕೀಲಿಯದು. ಆ ತಲೆಮಾರಿನಲ್ಲಿ ಇದು ವಿಶೇಷವೂ ಅಲ್ಲ. ಸಾರ್ವಜನಿಕ ಜೀವನಕ್ಕೆ ಬಂದವರಲ್ಲಿ ಬಹಳ ಮಂದಿ ಎಲ್‌ಎಲ್.ಬಿ. ಆದವರೇ. ಅರ್ಜಿ ಬರೆಯುವುದು, ಕಾಯ್ದೆ ಓದುವುದು, ಎದುರಿನವನ ವಾದ ಏನೆಂದು ಮೊದಲು ತಿಳಿದು ಆಮೇಲೆ ತನ್ನ ಮಾತು ಹೇಳುವುದು, ಇವೆಲ್ಲ ಕೋರ್ಟಿನಲ್ಲಿ ಎಷ್ಟು ಬೇಕೋ ಪತ್ರಿಕೆಯಲ್ಲೂ ಅಷ್ಟೇ ಬೇಕು. ವಿಧಾನಸಭೆಯಲ್ಲಿ ಇನ್ನೂ ಒಂದು ಕೈ ಹೆಚ್ಚೇ ಬೇಕು.

ವಕೀಲಿಯಲ್ಲೇ ನಿಂತಿದ್ದರೆ ಸುಖವಾಗಿ ಇರಬಹುದಿತ್ತು. ಅದರ ಬದಲು ಅವರು ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ, 1949ರಲ್ಲಿ ಅದೇ ವಿಷಯದಲ್ಲಿ ಎಂ.ಎಸ್ಸಿ. ಪಡೆದರು. ಆಗ ಅವರ ವಯಸ್ಸು 28.

ಅಷ್ಟು ದೂರ ಯಾಕೆ ಹೋಗಬೇಕಿತ್ತು? ಕಾರಣ ಸರಳ. ಇಲ್ಲಿ ಕಲಿಸುವವರೇ ಇರಲಿಲ್ಲ. ಅಮೆರಿಕದಲ್ಲಿ ಮಿಸೌರಿ ವಿಶ್ವವಿದ್ಯಾಲಯ 1908ರಲ್ಲೇ ಪತ್ರಿಕೋದ್ಯಮದ ಶಾಲೆ ತೆರೆದಿತ್ತು. ನಮ್ಮ ಉಪಖಂಡದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ 1941ರಲ್ಲಿ ವಿಭಾಗ ಆರಂಭಿಸಿತು. ದೇಶ ಇಬ್ಭಾಗವಾದಾಗ ಆ ಊರು ಪಾಕಿಸ್ತಾನಕ್ಕೆ ಹೋಯಿತು. ಕರ್ನಾಟಕದಲ್ಲಿ ಪತ್ರಿಕೋದ್ಯಮ ಪಾಠದ ವಿಷಯವಾದದ್ದು 1951ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, ನಾಡಿಗ ಕೃಷ್ಣಮೂರ್ತಿಯವರ ಪ್ರಯತ್ನದಿಂದ. ಅಂದರೆ ಪುಟ್ಟಪ್ಪನವರು ಅಮೆರಿಕದಲ್ಲಿ ಪದವಿ ಪಡೆದ ಎರಡು ವರ್ಷಗಳ ನಂತರ. ಆವರೆಗೆ ಕನ್ನಡದ ಪತ್ರಕರ್ತನಿಗೆ ಛಾಪಖಾನೆಯೇ ಶಾಲೆ, ಮೊಳೆ ಜೋಡಿಸುವವನೇ ಮೊದಲ ಗುರು.

ಪದವಿ ಇಲ್ಲದೆ ಪತ್ರಕರ್ತನಾಗಲು ಸಾಧ್ಯವೇ ಇಲ್ಲವೆಂದಲ್ಲ. ಕೃಷ್ಣೆಯ ಆಚೆ ದಡದಲ್ಲಿ, ಲಿಂಗಸುಗೂರಿಗೆ ಅಷ್ಟೇನೂ ದೂರವಲ್ಲದ ಸುರಪುರದಲ್ಲಿ, 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯ ನೆನಪು ಆ ಕಡೆಯವರಿಗೆ ಇನ್ನೂ ಇದೆ. ಆತ ಅದೇ ಕಾಲದಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರನೂ ಆಗಿದ್ದ. ಹದಿನೈದನೇ ವಯಸ್ಸಿಗೆ ಮುಂಬಯಿಗೆ ಬಂದಿಳಿದ ಆ ಹುಡುಗ ಕಾಲೇಜಿನ ಮುಖ ಕಂಡವನಲ್ಲ. ಭಾಷೆ, ಭೂಮಾಪನ, ಕಾನೂನು ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತ. ಪರರಾಜ್ಯದ ಅಧಿಕಾರಿಯ ಮಾತು ಬೇರೆ ಬಿಡಿ. ಆದರೆ ಓದು ಕಾಲೇಜಿನೊಳಗೇ ನಡೆಯಬೇಕೆಂಬ ನಿಯಮ ಇಲ್ಲ ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆ ಬಿಟ್ಟು ದೂರದ್ದನ್ನು ಹುಡುಕಬೇಕಾಗಿಲ್ಲ.

ಮತ್ತೆ ಪುಟ್ಟಪ್ಪನವರ ಕಡೆಗೆ ಬರೋಣ. ವಿದೇಶದ ಪದವಿ ಕೈಯಲ್ಲಿದ್ದವರಿಗೆ ಆಗ ಮುಂಬಯಿ, ದೆಹಲಿಗಳ ಇಂಗ್ಲಿಷ್ ಪತ್ರಿಕೆಗಳ ಬಾಗಿಲು ತಟ್ಟಬಹುದಿತ್ತು. ಅವರು ಕೆಲಸ ಮಾಡಿದ್ದು ಕನ್ನಡದಲ್ಲಿ, ಬದುಕು ಕಟ್ಟಿಕೊಂಡದ್ದು ಹುಬ್ಬಳ್ಳಿಯಲ್ಲಿ. ‘ವಿಶಾಲ ಕರ್ನಾಟಕ’, ‘ನವಯುಗ’, ‘ವಿಶ್ವವಾಣಿ’ ಇವು ಅವರು ಸಂಪಾದಕರಾಗಿದ್ದ ಪತ್ರಿಕೆಗಳಲ್ಲಿ ಕೆಲವು. 1954ರಲ್ಲಿ ತಮ್ಮದೇ ಆದ ‘ಪ್ರಪಂಚ’ ವಾರಪತ್ರಿಕೆ ಹೊರಡಿಸಿದರು. ಇಷ್ಟು ಹೆಸರುಗಳನ್ನು ಒಟ್ಟಿಗೆ ಓದುವಾಗ ಭಾರಿ ವೈಭವ ಎನಿಸಬಹುದು. ಆ ಕಾಲದ ಕನ್ನಡ ಪತ್ರಿಕೆ ಎಂದರೆ ಏನು ಎಂಬುದು ಗೊತ್ತಿದ್ದವರಿಗೆ ಹಾಗೆನಿಸದು. ಸಂಪಾದಕನೇ ಅಗ್ರಲೇಖನ ಬರೆಯಬೇಕು, ಕರಡು ತಿದ್ದಬೇಕು, ಕಾಗದದ ಸಾಲ ತೀರಿಸಬೇಕು, ಚಂದಾ ಮುಗಿದವರಿಗೆ ಪತ್ರ ಹಾಕಬೇಕು. ಅಂಚೆಗೆ ಕೊಡುವ ಹೊತ್ತಿಗೆ ಯಂತ್ರ ಕೆಟ್ಟರೆ ಯಂತ್ರದ ಮುಂದೆಯೂ ನಿಲ್ಲಬೇಕು. ಒಂದು ಪತ್ರಿಕೆ ನಿಂತರೆ ಇನ್ನೊಂದು. ಕ್ಯಾಲಿಫೋರ್ನಿಯದ ಪಾಠ ಇದರಲ್ಲಿ ಎಷ್ಟಕ್ಕೆ ಉಪಯೋಗಕ್ಕೆ ಬಂದೀತು ಎಂದು ನೀವೇ ಊಹಿಸಿ! ಆದರೂ ‘ಪ್ರಪಂಚ’ ಎಂಬ ಹೆಸರನ್ನೇ ನೋಡಿ. ಹುಬ್ಬಳ್ಳಿಯಲ್ಲಿ ಕೂತು ಕನ್ನಡದ ಓದುಗನ ಮುಂದೆ ಲೋಕವನ್ನು ತೆರೆದಿಡಬೇಕೆಂಬ ಹಂಬಲ ಹೊರದೇಶ ಕಂಡು ಬಂದವನಿಗೆ ಸಹಜ.

ಈ ಪತ್ರಿಕೆಗಳ ಕಾಲವೇ ಕರ್ನಾಟಕ ಏಕೀಕರಣದ ಕಾಲ. ಆಗ ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಹೀಗೆ ಹರಿದು ಹಂಚಿಹೋಗಿದ್ದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತಾಗ ಹುಬ್ಬಳ್ಳಿ ಹೊತ್ತಿಕೊಂಡಿತು. ಪುಟ್ಟಪ್ಪನವರ ಲೇಖನಿ ಆ ಚಳವಳಿಯ ಪರವಾಗಿತ್ತು. ಬರೆಯುವುದರ ಜೊತೆಗೆ ವೇದಿಕೆ ಹತ್ತಿ ಮಾತನಾಡಿದರು, ಚಳವಳಿಯಲ್ಲಿ ಓಡಾಡಿದರು. ಅವರ ರಾಜಕೀಯ ಪ್ರವೇಶ ನಿಜವಾಗಿ ಆದದ್ದು ಇಲ್ಲಿ. ಪಕ್ಷದ ಟಿಕೇಟು, ಸದಸ್ಯತ್ವ ಎಲ್ಲ ಆಮೇಲಿನ ಮಾತು.

ನಮ್ಮ ಊರುಗಳ ನಂಟು ಎಂದೆನಲ್ಲ, ಅದು ಇದೇ. ಸಿಂಧನೂರು, ಲಿಂಗಸುಗೂರು, ಮಸ್ಕಿ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವೇ ಆಗಿತ್ತು, 1905ರಲ್ಲಿ ಆ ಜಿಲ್ಲೆ ರದ್ದಾಯಿತು. ಸರಕಾರದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದು. ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ಆ ವಿಶ್ವವಿದ್ಯಾಲಯದ ಹಿರಿಮೆ, ಒಪ್ಪೋಣ. ಆದರೆ ಮನೆಯಲ್ಲಿ ಕನ್ನಡ ಆಡುವ ಲಿಂಗಸುಗೂರಿನ ಹುಡುಗನಿಗೆ ಅದೂ ಪರಭಾಷೆಯೇ. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಸಭೆ ಸೇರಬೇಕಾದರೂ ಮೊದಲೇ ಅಪ್ಪಣೆ ಪಡೆಯಬೇಕಿತ್ತು. ಇಂಥಲ್ಲಿ ಪತ್ರಿಕೆ ನಡೆಸುವುದು ಹೇಗೆ? ರಾಯಚೂರಿನಲ್ಲಿ ಹಮದರ್ದ್ ಶಾಲೆಯನ್ನು ಕಟ್ಟಿದ, ‘ಪ್ರೇಮ’ ಪತ್ರಿಕೆಯನ್ನು ನಡೆಸಿದ ಪಂಡಿತ ತಾರಾನಾಥರಂಥ ಕೆಲವರು ದೀಪ ಆರದಂತೆ ನೋಡಿಕೊಂಡರು. ಅವರಿಗೂ ನಿಜಾಮರ ಸರಕಾರದ ಕೋಪ ತಪ್ಪಲಿಲ್ಲ. 1948ರ ಆಗಸ್ಟಿನಲ್ಲಿ ಹೈದರಾಬಾದಿನ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್, ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆದದ್ದಕ್ಕೆ ರಜಾಕಾರರ ಕೈಯಲ್ಲಿ ಕೊಲೆಯಾದರು. ಮುಂದಿನ ತಿಂಗಳ 17ಕ್ಕೆ ನಿಜಾಮರು ಶರಣಾದರು. ಒಂದು ತಿಂಗಳು ಕಳೆದಿದ್ದರೆ...

ಧಾರವಾಡ, ಹುಬ್ಬಳ್ಳಿಗಳಲ್ಲಿ ಸಾಲುಸಾಲು ಸಂಪಾದಕರು ಹುಟ್ಟುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಯಾಕೆ ಹುಟ್ಟಲಿಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ನಮ್ಮವರಿಗೆ ಬುದ್ಧಿ ಕಡಿಮೆಯಾಗಿತ್ತೆಂದಲ್ಲ. ಶಾಲೆ ಇರಲಿಲ್ಲ, ಛಾಪಖಾನೆ ಇರಲಿಲ್ಲ, ಬಾಯಿ ಬಿಡಲು ಬಿಡುತ್ತಿರಲಿಲ್ಲ. 1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗ, ಬೀದರ್ ಜಿಲ್ಲೆಗಳ ಕನ್ನಡ ಪ್ರದೇಶ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರಗಳು ಆಂಧ್ರಕ್ಕೆ ಹೋದವು. ಪುಟ್ಟಪ್ಪನವರಂಥವರು ಹುಬ್ಬಳ್ಳಿಯಲ್ಲಿ ಬರೆದದ್ದರ ಫಲ ಸಿಂಧನೂರಿನ ಕನ್ನಡ ಶಾಲೆಯ ಮಕ್ಕಳಿಗೂ ಮುಟ್ಟಿತು.

ಪುಟ್ಟಪ್ಪನವರಿಗಿಂತ ಒಂದು ತಲೆಮಾರು ಮೊದಲೇ ಇದೇ ದಾರಿಯಲ್ಲಿ ನಡೆದವರು ಧಾರವಾಡದ ರಂಗನಾಥ ದಿವಾಕರರು. 1894ರಲ್ಲಿ ಹುಟ್ಟಿ, ಎಂ.ಎ., ಎಲ್‌ಎಲ್.ಬಿ. ಮುಗಿಸಿ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಆ ನೌಕರಿ ಬಿಟ್ಟು 1921ರಲ್ಲಿ ‘ಕರ್ಮವೀರ’ ವಾರಪತ್ರಿಕೆ ಆರಂಭಿಸಿದರು. ಬರೆದದ್ದಕ್ಕೆ ರಾಜದ್ರೋಹದ ಆಪಾದನೆ ಬಂತು, ಸೆರೆಮನೆ ಸೇರಿದರು. 1942ರ ಚಳವಳಿಯಲ್ಲಿ ಭೂಗತರಾಗಿ ಕೆಲಸ ಮಾಡಿದರು. ಸಂವಿಧಾನ ಸಭೆಯ ಸದಸ್ಯರಾದರು. 1948ರಿಂದ 1952ರವರೆಗೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ನೋಡಿಕೊಂಡರು. ಬರೆದು ಜೈಲಿಗೆ ಹೋದ ಸಂಪಾದಕನ ಕೈಗೆ ವಾರ್ತಾ ಖಾತೆಯೇ ಬಂತು ನೋಡಿ! ಬಳಿಕ 1957ರವರೆಗೆ ಬಿಹಾರದ ರಾಜ್ಯಪಾಲರಾಗಿದ್ದರು. ಆ ತಲೆಮಾರಿಗೆ ಪತ್ರಿಕೆ ಮತ್ತು ರಾಜಕೀಯ ಬೇರೆ ಬೇರೆ ಉದ್ಯೋಗಗಳೇ ಆಗಿರಲಿಲ್ಲ. ಪುಟ್ಟಪ್ಪನವರು ಈ ಪರಂಪರೆಯ ಕೊನೆಯ ಕೊಂಡಿಗಳಲ್ಲಿ ಒಬ್ಬರು. ಪತ್ರಿಕೆಯನ್ನು ವೃತ್ತಿಯಾಗಿ, ಶಾಸ್ತ್ರವಾಗಿ ಕಲಿತು ಬಂದದ್ದು ಅವರಲ್ಲಿ ಹೊಸದು.

1962ರಲ್ಲಿ ಅವರು ರಾಜ್ಯಸಭೆಗೆ ಆಯ್ಕೆಯಾದರು. ಪತ್ರಿಕೋದ್ಯಮದ ಪದವಿ ಪಡೆದು 13 ವರ್ಷಗಳಾಗಿದ್ದವು, ವಯಸ್ಸು 41. ಆರು ವರ್ಷಗಳ ಎರಡು ಅವಧಿ, 1974ರವರೆಗೆ. ವಿದ್ಯಾರ್ಥಿಗಳಿಗೆ ಒಂದು ಮಾತು ನೆನಪಿಸಬೇಕು. ರಾಜ್ಯಸಭೆಗೆ ಜನ ನೇರವಾಗಿ ಮತ ಹಾಕುವುದಿಲ್ಲ, ವಿಧಾನಸಭೆಯ ಸದಸ್ಯರು ಹಾಕುತ್ತಾರೆ. ಊರೂರು ಸುತ್ತಿ ಲಕ್ಷಾಂತರ ಮತ ಕೇಳಬೇಕಾಗಿಲ್ಲದ ಆ ಮನೆ ಬರೆಯುವವರಿಗೆ ತಕ್ಕದ್ದೆಂದು ಆಗ ಭಾವಿಸಲಾಗಿತ್ತು. ಲೋಕಸಭೆಯ ದಾರಿ ಬೇರೆ. ಅಲ್ಲಿ ಪತ್ರಿಕೆಯ ಹೆಸರು ಪರಿಚಯ ತಂದುಕೊಟ್ಟೀತು; ಬೂತಿನ ಕೆಲಸ ಮಾಡಿಕೊಡಲಾರದು. ಇತ್ತೀಚಿನ ವರ್ಷಗಳಲ್ಲಿ ಅಂಕಣಕಾರರಾಗಿ ಹೆಸರಾಗಿ, 2014 ಮತ್ತು 2019ರಲ್ಲಿ ಮೈಸೂರು–ಕೊಡಗು ಕ್ಷೇತ್ರದಿಂದ ಗೆದ್ದ ಪ್ರತಾಪ ಸಿಂಹ ಅವರ ಹಿಂದೆ ಒಂದು ದೊಡ್ಡ ಪಕ್ಷದ ಸಂಘಟನೆ ಇತ್ತು. 2024ರಲ್ಲಿ ಅದೇ ಪಕ್ಷ ಅವರಿಗೆ ಟಿಕೇಟು ಕೊಡಲಿಲ್ಲ. ಟಿಕೇಟು ಕೊಡುವುದೂ ಬಿಡುವುದೂ ಪಕ್ಷದ ಕೈಯಲ್ಲಿದೆ ಎಂಬುದನ್ನು ಹುಡುಗರು ಮೊದಲೇ ತಿಳಿದಿದ್ದರೆ ಒಳ್ಳೆಯದು.

ರಾಜ್ಯಸಭೆಯ ಅವಧಿ ಮುಗಿದಾಗ ಪುಟ್ಟಪ್ಪನವರಿಗೆ 53 ವರ್ಷ. ಆಮೇಲೆ ಇನ್ನೂ ನಾಲ್ವತ್ತೈದು ವರ್ಷ ಬದುಕಿದರು. ಅಧಿಕಾರ ಹೋದ ಮೇಲೆ ಏನು ಮಾಡುವುದೆಂದು ತಿಳಿಯದೆ ಕೂತವರಲ್ಲ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ದಶಕಗಳ ಕಾಲ ಅಧ್ಯಕ್ಷರಾಗಿ ನಡೆಸಿದರು. ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿದ್ದರು. ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿ ಸರಕಾರಿ ಕಚೇರಿಗಳಲ್ಲಿ ಕನ್ನಡ ಯಾಕೆ ಇಲ್ಲವೆಂದು ಅಧಿಕಾರಿಗಳನ್ನು ಕೇಳಿದರು. 2003ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2020ರ ಮಾರ್ಚ್ 16ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರಿಗೆ 99. ಮಾತಿನಲ್ಲಿ ಒರಟುತನವಿತ್ತು, ಹಟವಿತ್ತು, ಅವರ ಅಭಿಪ್ರಾಯಗಳೆಲ್ಲ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಆದರೆ ಲೆಕ್ಕ ಹಾಕಿದರೆ ಅಷ್ಟು ದೀರ್ಘವಾದ ಬದುಕಿನಲ್ಲಿ ಸಂಸತ್ತಿನ ಪಾಲು ಬರೀ 12 ವರ್ಷ. ಉಳಿದದ್ದೆಲ್ಲ ಓದು, ಬರಹ, ಕನ್ನಡದ ಕೆಲಸ. ‘ಎಂ.ಪಿ. ಆದವರು’ ಎಂದು ಅವರನ್ನು ತೋರಿಸುವ ಹುಡುಗನಿಗೆ ನಾನು ತೋರಿಸಬೇಕೆಂದಿರುವುದು ಈ ಲೆಕ್ಕವನ್ನು.

ಇನ್ನು ಅಪ್ಪನ ಪ್ರಶ್ನೆ. ಹೊಟ್ಟೆ ತುಂಬುತ್ತದೆಯೇ? ಮುಚ್ಚಿಡುವುದು ಬೇಡ. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಕಳಿಸುವವರಲ್ಲಿ ಬಹಳ ಮಂದಿ ಪೂರ್ಣಾವಧಿ ನೌಕರರಲ್ಲ. ಪತ್ರಿಕೆ ಕೊಡುವ ಗೌರವಧನ ಬೈಕಿನ ಪೆಟ್ರೋಲಿಗೆ ಸರಿಹೋದರೆ ಹೆಚ್ಚು. ಹೀಗಾಗಿ ಒಬ್ಬರಿಗೆ ಅಂಗಡಿ, ಇನ್ನೊಬ್ಬರಿಗೆ ಹೊಲ, ಮತ್ತೊಬ್ಬರಿಗೆ ಖಾಸಗಿ ಶಾಲೆಯ ಪಾಠ. ಕೆಲವು ಕಡೆ ಜಾಹೀರಾತು ಹಿಡಿದು ತರುವ ಹೊಣೆಯೂ ವರದಿಗಾರನ ಹೆಗಲಿಗೇ ಬೀಳುತ್ತದೆ. ಕಾಲುವೆಯ ಕೊನೆ ಭಾಗಕ್ಕೆ ನೀರು ಯಾಕೆ ಬರಲಿಲ್ಲ ಎಂದು ಬರೆಯಬೇಕಾದವನು, ಅದಕ್ಕೆ ಉತ್ತರ ಹೇಳಬೇಕಾದ ಮುಖಂಡನ ಹುಟ್ಟುಹಬ್ಬದ ಜಾಹೀರಾತಿಗಾಗಿ ಅವರ ಮನೆ ಮುಂದೆ ನಿಲ್ಲುವ ಪರಿಸ್ಥಿತಿ! ರಾಜಕೀಯಕ್ಕೆ ಹೋಗುವ ಹುಡುಗ ಕಲಿಯಬೇಕಾದ್ದು ಇದೇ ಎಂದು ಯಾರಾದರೂ ಹೇಳಿಯಾರು. ನನಗೆ ಹಾಗನಿಸುವುದಿಲ್ಲ. ಟಿಕೇಟಿನ ಆಸೆ ಇಟ್ಟುಕೊಂಡು ವರದಿ ಬರೆಯುವವನ ವರದಿ ಎರಡೇ ತಿಂಗಳಲ್ಲಿ ಊರಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಪತ್ರಿಕೆಯಲ್ಲೂ ಅವನ ಮಾತು ನಡೆಯದು, ಪಕ್ಷದಲ್ಲೂ ನಡೆಯದು. ದಿವಾಕರರೂ ಪುಟ್ಟಪ್ಪನವರೂ ಪಕ್ಷಪಾತವಿಲ್ಲದವರೇನಲ್ಲ. ಆದರೆ ಯಾವುದರ ಪರ ಎಂಬುದನ್ನು ಮೊದಲ ದಿನವೇ ಪತ್ರಿಕೆಯ ಮೇಲೆ ಅಚ್ಚು ಹಾಕಿ ಹೇಳಿದ್ದರು. ಓದುಗನಿಗೆ ಮೋಸವಿರಲಿಲ್ಲ.

ಹಾಗಾದರೆ ಈ ಹುಡುಗ ಈಗ ಏನು ಮಾಡಬೇಕು? ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಅಡ್ಡಿಯಿಲ್ಲ. ಬಿ.ಎ.ಗೆ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಕಲಿಸುವ ಕಾಲೇಜುಗಳಿವೆ. ಹತ್ತಿರದಲ್ಲಿ ಸಿಗದಿದ್ದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ, ಎಂ.ಎ.ಗೆ ಕಲಬುರಗಿ ಅಥವಾ ಧಾರವಾಡದಲ್ಲಿ ಪತ್ರಿಕೋದ್ಯಮ ಆರಿಸಿಕೊಳ್ಳಬಹುದು. ನನ್ನ ಮಟ್ಟಿಗೆ ಎರಡನೆಯದೇ ಲೇಸು. ಸುದ್ದಿ ಬರೆಯುವ ರೀತಿಯನ್ನು ಒಂದು ವರ್ಷದಲ್ಲಿ ಕಲಿಯಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಲೆಕ್ಕವೋ, ಹಟ್ಟಿಯ ಚಿನ್ನದ ಗಣಿಯ ಆರ್ಥಿಕತೆಯೋ ಅರ್ಥವಾಗಬೇಕಾದರೆ ಬೇರೆ ಓದು ಬೇಕು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70ರಷ್ಟು ಸೀಟುಗಳಿವೆ. ಅದರ ಪ್ರಮಾಣಪತ್ರವನ್ನು ಪ್ರವೇಶದ ಹಿಂದಿನ ದಿನ ಹುಡುಕಾಡದೆ ಈಗಲೇ ತಹಸೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಮಾಡಿಸಿಟ್ಟುಕೊಳ್ಳಿ.

ಜೊತೆಗೆ ಒಂದು ದಿನ ಬಿಡುವು ಮಾಡಿಕೊಂಡು ಮಸ್ಕಿಯ ಬೆಟ್ಟ ಹತ್ತಿ ಬನ್ನಿ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ 1915ರಲ್ಲಿ ಅಲ್ಲಿನ ಬಂಡೆಯ ಮೇಲೆ ಶಾಸನ ಕಂಡಿತು. ಅಲ್ಲಿಯವರೆಗೆ ಓದಲಾಗಿದ್ದ ಶಾಸನಗಳಲ್ಲಿ ರಾಜನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದಿತ್ತು. ಅವನೇ ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಇತ್ತು. ಒಂದು ಹೆಸರು ಸರಿಯಾಗಿ ಬರೆದಿದ್ದರಿಂದ ದೊಡ್ಡದೊಂದು ಸಂಶಯ ತೀರಿತು. ವರದಿಗಾರನಾಗಲು ಹೊರಟವರು ಮೊದಲು ಕಲಿಯಬೇಕಾದ್ದೂ ಹೆಸರನ್ನು ಸರಿಯಾಗಿ ಕೇಳಿ, ಸರಿಯಾಗಿ ಬರೆಯುವುದನ್ನೇ. ಸುತ್ತಲಿನ ಹಳ್ಳಿಗಳ ಹೆಸರುಗಳಿಂದಲೇ ಶುರು ಮಾಡಬಹುದು. ನಮ್ಮ ಪತ್ರಿಕೆಗಳಲ್ಲಿ ಅವು ತಪ್ಪಾಗಿ ಅಚ್ಚಾಗುವುದನ್ನು ನೋಡಿ ನೋಡಿ ಸಾಕಾಗಿದೆ.

ವಕೀಲಿ ಓದಿ ಪತ್ರಿಕೆಗೆ ಬರುವ ಹಳೆಯ ದಾರಿ ಈಗಲೂ ಮುಚ್ಚಿಲ್ಲ. ಪಿಯುಸಿ ನಂತರದ ಐದು ವರ್ಷದ ಕಾನೂನು ಕೋರ್ಸು, ಪದವಿಯ ನಂತರದ ಮೂರು ವರ್ಷದ ಕೋರ್ಸು, ಎರಡರ ಖರ್ಚು ಮತ್ತು ಪ್ರವೇಶದ ವಿವರ ಮುಂದಿನ ವಾರ.